ವೈದ್ಯೇಶ್ವರನ ಕಥೆಯೂ ಅಲಮೇಲಮ್ಮನ ಶಾಪವೂ

ತಲಕಾಡೆಂದೊಡನೆ ನಮ್ಮ ನಾಡಿನ ಓದುಬರಹ ಬಲ್ಲ ಮನೆಗಳಲ್ಲಿ ಮೊದಲು ನೆನಪಿಗೆ ಬರುವುದು ಅಲಮೇಲಮ್ಮನ ಶಾಪವು. ಊರು ಮರಳಿನಲ್ಲಿ ಮುಚ್ಚಿಹೋಗಬೇಕೆಂದೂ, ಮಾಲಂಗಿಯ ಬಳಿ ಹೊಳೆಯು ಮಡುಗಟ್ಟಬೇಕೆಂದೂ, ಮೈಸೂರ ದೊರೆಗಳಿಗೆ ಸಂತಾನವಿಲ್ಲದಾಗಬೇಕೆಂದೂ ಆಕೆ ನುಡಿದ ಮೂರು ಮಾತುಗಳನ್ನು ಅರಿಯದ ವಾಚಕರು ವಿರಳ. ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಪ್ರತಿವರ್ಷವೂ ಹುಡುಗರನ್ನು ಈ ವಿಷಯವಾಗಿ ಕೇಳುತ್ತಿದ್ದೆನು. ಶಾಪವನ್ನು ಎಲ್ಲರೂ ಒಪ್ಪಿಸುವರು. ಆದರೆ ಆ ಊರಿನ ದೇವರ ಹೆಸರೇನು, ಅವನಿಗೆ ಆ ಹೆಸರು ಬಂದ ಬಗೆ ಹೇಗೆ ಎಂದರೆ ತರಗತಿಯೆಲ್ಲ ಮೌನ. ಹುಡುಗರನ್ನು ದೂರಿ ಫಲವಿಲ್ಲ. ಅವರ ತಂದೆಗಳೂ, ಕೆಲವೊಮ್ಮೆ ನನ್ನ ಸಹೋದ್ಯೋಗಿಗಳೂ ಹಾಗೆಯೇ ಇದ್ದರು. ಒಂದು ಕ್ಷೇತ್ರದ ಕಥಾಸಾಹಿತ್ಯದಲ್ಲಿ ಅಂಗವಾಗಿದ್ದುದು ಅಂಗಿಯಾಗಿ, ಅಂಗಿಯಾಗಿದ್ದುದು ಮರೆತೇ ಹೋದರೆ ವಿಮರ್ಶಕನಾದವನು ಅದನ್ನು ರಸಭಂಗವೆಂದೇ ಎಣಿಸಬೇಕಷ್ಟೆ.

ಮೊದಲಿನ ಕಥೆಯಾದರೋ ಹೀಗಿದೆ. ಸೋಮದತ್ತನೆಂಬ ಋಷಿಯು ಶಿಷ್ಯರೊಡನೆ ಸಿದ್ಧಾರಣ್ಯಕ್ಕೆ ತಪಸ್ಸಿಗಾಗಿ ಹೊರಟಿರಲು ದಾರಿಯಲ್ಲಿ ಕಾಡಾನೆಗಳು ಅವರನ್ನು ಕೊಂದುವು. ಅವರೆಲ್ಲರೂ ಆನೆಗಳಾಗಿಯೇ ಮರಳಿ ಹುಟ್ಟಿ, ಆ ವನದಲ್ಲಿ ಒಂದು ಬೂರುಗದ ಮರವನ್ನು ಶಿವನೆಂದು ಪೂಜಿಸುತ್ತಿದ್ದರು. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು ಇದನ್ನು ಕಂಡು, ಮರದಲ್ಲಿರುವ ಮರ್ಮವೇನೆಂದು ಅರಿಯಲು ಕೊಡಲಿಯಿಂದ ಹೊಡೆದರು. ಮರದಿಂದ ರಕ್ತ ಚಿಮ್ಮಿತು. ಬೇಡರು ಹೌಹಾರಿ ನಿಂತಿರಲು, ಆ ಮರದ ಎಲೆಯನ್ನೂ ಕಾಯನ್ನೂ ಗಾಯಕ್ಕೆ ಕಟ್ಟಿರೆಂದು ಅಶರೀರವಾಣಿಯಾಯಿತು. ಕಟ್ಟಲು ಗಾಯ ಮಾಯಿತು, ರಕ್ತವು ಹಾಲಾಯಿತು, ಅದನ್ನು ಕುಡಿದ ಬೇಡರು ಶಿವಗಣದಲ್ಲಿ ಸೇರಿದರು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಕಾರಣ ಆ ಶಿವನು ವೈದ್ಯನಾಥನೆಂದೂ ವೈದ್ಯೇಶ್ವರನೆಂದೂ ಕರೆಯಲ್ಪಟ್ಟನು.

ಇದರಲ್ಲಿ ಬೇಡರ ಹೆಸರುಗಳು ಊರಿನ ಹೆಸರನ್ನು ಎರಡಾಗಿ ಸೀಳಿ ಮಾಡಿದವೆಂಬುದು ಸ್ಪಷ್ಟವೇ. ಗಂಗರ ಶಾಸನಗಳಲ್ಲಿ ಈ ಊರು ತಳವನಪುರವೆಂದು ಕಾಣಿಸುತ್ತದೆ. ಕಥೆಗೆ ಮೊದಲೇ ಊರಿತ್ತು, ಊರಿನ ಹೆಸರಿನಿಂದ ಬೇಡರು ಹುಟ್ಟಿದರು. ಶಬ್ದಶಾಸ್ತ್ರವನ್ನು ಸ್ವಲ್ಪ ಓದಿದವರು ಇಷ್ಟನ್ನು ಕಂಡುಹಿಡಿದು ನಕ್ಕು ಕಥೆಯನ್ನು ಬದಿಗಿಡುವುದುಂಟು. ನಾನೂ ಪ್ರಾಯದಲ್ಲಿ ಹಾಗೆ ನಕ್ಕವನೇ. ಆದರೆ ಹೆಸರು ಕಲ್ಪಿತವಾದ ಮಾತ್ರಕ್ಕೆ ಕಥೆಯ ಭಾವ ಹುಸಿಯಾಗದು. ಹೊಡೆದವನ ಕೈಯಿಂದಲೇ ಮದ್ದು ಕಟ್ಟಿಸಿಕೊಂಡು, ಹೊಡೆದವನಿಗೇ ಹಾಲೂಡಿದ ದೇವರು ಇಲ್ಲಿರುವನು. ದಂಡನೆಯ ಸೊಲ್ಲೇ ಇಲ್ಲ.

ಇನ್ನು ಎರಡನೆಯ ಕಥೆಗೆ ಬರೋಣ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವನನ್ನು ಕೆಲವರು ತಿರುಮಲರಾಯನೆನ್ನುತ್ತಾರೆ, ಕೆಲವರು ಶ್ರೀರಂಗರಾಯನೆನ್ನುತ್ತಾರೆ. ಅವನ ಪತ್ನಿ ಅಲಮೇಲಮ್ಮ. ಆಕೆಯ ಒಡವೆಗಳು ಶ್ರೀರಂಗನಾಯಕಿ ಅಮ್ಮನವರ ಅಲಂಕಾರಕ್ಕೆ ಸಲ್ಲುತ್ತಿದ್ದುವಾಗಿ ದೊರೆಯು ಅವನ್ನು ತರಿಸಲು ಆಳುಗಳನ್ನು ಕಳುಹಿಸಿದನೆಂದೂ, ಆಕೆ ಮುತ್ತಿನ ಮೂಗುತಿಯೊಂದನ್ನು ಮಾತ್ರ ಕೊಟ್ಟು ಮಿಕ್ಕವನ್ನು ಮಡಿಲಲ್ಲಿ ಕಟ್ಟಿಕೊಂಡು ಶಾಪವನ್ನು ನುಡಿದು ಕಾವೇರಿಗೆ ಹಾರಿದಳೆಂದೂ ಪ್ರತೀತಿ. ಇಷ್ಟನ್ನು ಎಲ್ಲರೂ ಹೇಳುವರು. ಆದರೆ ಶ್ರೀರಂಗಪಟ್ಟಣದ ರಾಣಿಯು ತಲಕಾಡಿಗೆ ಏಕೆ ಬಂದಳು? ಪತಿಗೆ ಬೆನ್ನಿನಲ್ಲಿ ಮಾಯದ ಹುಣ್ಣಾಗಿ, ಅದನ್ನು ವಾಸಿಮಾಡಿಕೊಳ್ಳಲು ವೈದ್ಯೇಶ್ವರನ ಸೇವೆಗೆಂದು ಅವನು ತಲಕಾಡಿಗೆ ಬಂದಿದ್ದನು; ಅವನನ್ನು ಕಾಣಲು ಆಕೆ ಬಂದಳು; ಅವನು ಅಲ್ಲಿಯೇ ತೀರಿಕೊಂಡನು. ಈ ಭಾಗವನ್ನು ಹೇಳುವವರು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ, ಹಲವರು ಬಿಟ್ಟೇ ಬಿಡುತ್ತಾರೆ.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಮದ್ದನ್ನು ಅರಸಿ ಬಂದ ಮನೆಯೊಂದಕ್ಕೆ ಮದ್ದು ದೊರೆಯಲಿಲ್ಲ, ಅದರ ಮೇಲೆ ರಾಜದೂತರು ಬಂದರು. ಗಾಯ ಮಾಯಿಸಿದವನ ಊರಿನಲ್ಲಿ ಒಬ್ಬಳ ಗಾಯ ಮಾಯಲಿಲ್ಲ. ಎರಡನೆಯ ಕಥೆಯ ಕರುಣವು ಪೂರ್ಣವಾಗಿ ತೋರುವುದು ಮೊದಲನೆಯದನ್ನು ಬಲ್ಲವನಿಗೆ ಮಾತ್ರ. ಅದನ್ನು ತೆಗೆದುಹಾಕಿದರೆ ಉಳಿಯುವುದು ಒಡವೆಯ ಜಗಳ ಮತ್ತು ಬೆರಗಿನ ಭವಿಷ್ಯವಾಣಿ. ಈಚಿನ ನಾಟಕಗಳಲ್ಲಿಯೂ ಪ್ರವಾಸದ ಪುಸ್ತಕಗಳಲ್ಲಿಯೂ ನಾವು ಓದುತ್ತಿರುವುದು ಇಷ್ಟನ್ನೇ.

ಇನ್ನೊಂದು ವಿಚಾರವೂ ಉಂಟು. ಸಂಸ್ಕೃತ ಕಾವ್ಯಗಳಲ್ಲಿ ಶಾಪವೆಂಬುದಕ್ಕೆ ಅವಧಿಯೊಂದಿರುವುದು ಪದ್ಧತಿ. ದುರ್ವಾಸನ ಶಾಪಕ್ಕೆ ಉಂಗುರವಿದೆ, ಮೇಘದೂತದ ಯಕ್ಷನಿಗೆ ವರ್ಷವೊಂದರ ಗಡುವಿದೆ, ಸೋಮದತ್ತನ ಆನೆಯ ಜನ್ಮಕ್ಕೂ ಕೊನೆಯಿದೆ. ಅಲಮೇಲಮ್ಮನ ಶಾಪಕ್ಕೆ ಮಾತ್ರ ವಿಮೋಚನೆಯ ಮಾತಿಲ್ಲ. ಇದು ಪುರಾಣಿಕರ ಕೈಯ ಕೆಲಸವಲ್ಲ, ಜನರ ಬಾಯಿಂದ ಬಂದುದು ಎನ್ನಲು ಇದೇ ನನಗೆ ದೊಡ್ಡ ಸಾಕ್ಷಿ. ಮೈಸೂರ ಅರಮನೆಯಲ್ಲಿ ನವರಾತ್ರಿಯಲ್ಲಿ ಅಲಮೇಲಮ್ಮನ ಪ್ರತಿಮೆಗೆ ಪೂಜೆ ನಡೆದುಬಂದಿರುವುದು ಆ ಕೊರತೆಯನ್ನು ತುಂಬುವ ಯತ್ನವೆಂದೇ ನನ್ನ ಊಹೆ.

ಶಾಪವು ಅಕ್ಷರಶಃ ಫಲಿಸಿತೆನ್ನುವವರಿಗೆ ಒಂದು ಮಾತು. ಚಿಕ್ಕದೇವರಾಜ ಒಡೆಯರ ಬಳಿಕ ೧೭೦೪ರಲ್ಲಿ ಪಟ್ಟವೇರಿದವರು ಅವರ ಮಗ ಕಂಠೀರವ ನರಸರಾಜರು, ೧೭೧೪ರಲ್ಲಿ ಅವರ ಮಗ ದೊಡ್ಡ ಕೃಷ್ಣರಾಜರು. ತಂದೆ, ಮಗ, ಮೊಮ್ಮಗ ಎಂದು ಮೂರು ತಲೆ ಸಾಲಾಗಿ ನಡೆದ ಮೇಲೆ ಶಾಪ ಎಲ್ಲಿ ಹೋಗಿತ್ತು? ೨೦೧೭ರಲ್ಲಿ ರಾಜಮನೆತನದಲ್ಲಿ ಗಂಡು ಮಗು ಹುಟ್ಟಿದಾಗ ಶಾಪ ತೀರಿತೆಂದು ಪತ್ರಿಕೆಗಳು ಬರೆದುವು. ಈ ಲೆಕ್ಕವನ್ನು ಯಾರೂ ಹಾಕಿದಂತಿಲ್ಲ.

ಮರಳಿನ ವಿಷಯದಲ್ಲಿಯೂ ಹಾಗೆಯೇ. ಕಾವೇರಿಯು ಇಲ್ಲಿ ದೊಡ್ಡ ತಿರುವನ್ನು ತೆಗೆದುಕೊಳ್ಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿಯು ಕಟ್ಟಿಸಿದನೆನ್ನುವ ಅಣೆಕಟ್ಟಿನಿಂದ ಹೊಳೆಯ ಪಾತ್ರದ ಮರಳು ಬಯಲಾಗಿ, ನೈಋತ್ಯದ ಗಾಳಿಗೆ ಹಾರಿ ದಿಬ್ಬವಾಯಿತೆಂದು ವಿದ್ವಾಂಸರ ಅಭಿಪ್ರಾಯ. ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನ ಮೇಲೆ ಸರಿಯುತ್ತಿದ್ದುದನ್ನು ರೈಸರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ವಿಷ್ಣುವರ್ಧನನು ೧೧೧೭ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣನ ಗುಡಿಯೂ ಈ ಮರಳಿಗೆ ತುತ್ತಾಗಿ ಅಗೆತದಿಂದ ಹೊರಬಂದಿತು.

ಆದರೆ ಭಕ್ತರು ಮರಳನ್ನು ನೋಡಿದ ರೀತಿಯೇ ಬೇರೆ. ಪಂಚಲಿಂಗಗಳಲ್ಲಿ ಒಬ್ಬನಾದ ಮರುಳೇಶ್ವರನಿಗೆ ಸೈಕತೇಶ್ವರನೆಂದೂ ಹೆಸರು. ಸೈಕತವೆಂದರೆ ಮರಳು. ಓದಿದವರು ಯಾವುದನ್ನು ಶಾಪವೆಂದರೋ ಅದಕ್ಕೇ ಕ್ಷೇತ್ರದವರು ಈಶ್ವರನೆಂದು ಕೈಮುಗಿದರು. ಪೂಜಾಕ್ರಮದಲ್ಲಿಯೂ ಇದೇ ಭಾವವು ತೋರುತ್ತದೆ. ಕಾರ್ತಿಕ ಮಾಸದ ಅಮಾವಾಸ್ಯೆ ಸೋಮವಾರವಾಗಿ, ತಕ್ಕ ನಕ್ಷತ್ರಯೋಗಗಳೂ ಕೂಡಿಬಂದ ವರ್ಷದಲ್ಲಿ ಪಂಚಲಿಂಗ ದರ್ಶನ. ಈಚೆಗೆ ೨೦೦೯, ೨೦೧೩, ೨೦೨೦ರಲ್ಲಿ ನಡೆಯಿತು. ಯಾತ್ರಿಕನು ಗೋಕರ್ಣ ತೀರ್ಥದಲ್ಲಿ ಮಿಂದು ಗೋಕರ್ಣೇಶ್ವರನನ್ನೂ ವೈದ್ಯೇಶ್ವರನನ್ನೂ ಪೂಜಿಸಿ, ಬಡಗಣ ಹೊಳೆಯಲ್ಲಿ ಮಿಂದು ಅರ್ಕೇಶ್ವರನಿಗೂ, ಮೂಡಣದಲ್ಲಿ ಮಿಂದು ಪಾತಾಳೇಶ್ವರನಿಗೂ, ತೆಂಕಣದಲ್ಲಿ ಮಿಂದು ಮರುಳೇಶ್ವರನಿಗೂ, ಪಡುವಣದಲ್ಲಿ ಮಿಂದು ಮುಡುಕುತೊರೆಯ ಬೆಟ್ಟದ ಮಲ್ಲಿಕಾರ್ಜುನನಿಗೂ ಸಲ್ಲಬೇಕು. ಒಂದೊಂದು ಲಿಂಗವನ್ನು ಕಂಡಾಗಲೂ ಮತ್ತೆ ವೈದ್ಯೇಶ್ವರನಲ್ಲಿಗೆ ಮರಳಬೇಕು. ಎಲ್ಲವೂ ಒಂದೇ ಹಗಲಿನಲ್ಲಿ. ಈಗ ಬಹುಮಂದಿ ಸಾಲಾಗಿ ನಿಂತು ಐದನ್ನೂ ಒಂದೊಂದು ಸಲ ನೋಡಿ ಬಸ್ಸು ಹತ್ತುತ್ತಾರೆ. ಅದು ಕಾಲಧರ್ಮ, ಇರಲಿ.

೨೦೧೩ರ ಡಿಸೆಂಬರಿನ ದರ್ಶನಕ್ಕೆ ನಾನು ಹೋಗಿದ್ದೆನು. ಮರಳನ್ನು ತೋಡಿ ದಾರಿ ಬಿಡಿಸಿದ್ದರು. ಪಾತಾಳೇಶ್ವರನಲ್ಲಿಗೆ ಮೆಟ್ಟಿಲಿಳಿಯುವಾಗ ನನ್ನ ಮುಂದಿದ್ದ ಮುದುಕಿಯೊಬ್ಬಳು ಎರಡೂ ಕೈಗಳಿಂದ ಮೊಣಕಾಲು ಹಿಡಿದು ಒಂದೊಂದೇ ಮೆಟ್ಟಿಲನ್ನು ಇಳಿಯುತ್ತಿದ್ದಳು. ಹಿಂದಿದ್ದ ಓದಿದ ತರುಣನೊಬ್ಬನು ತನ್ನ ಸಂಗಡಿಗರಿಗೆ ಶಾಪದ ಕಥೆಯನ್ನು ಸೊಗಸಾಗಿ ಹೇಳುತ್ತಿದ್ದನು. ಅವಳು ತಿರುಗಿ ನೋಡಿ, "ಅದೆಲ್ಲಾ ದೊಡ್ಡೋರ ಜಗಳ ಕಣಪ್ಪ. ನಾನು ಮಂಡಿನೋವಿಗೆ ಹರಕೆ ಹೊತ್ತು ಬಂದಿವ್ನಿ" ಎಂದಳು. ತರುಣನು ಸುಮ್ಮನಾದನು. ಮೇಲೆ ಬಂದ ಬಳಿಕ ಆಕೆ ಮರಳ ಮೇಲೆ ಸ್ವಲ್ಪ ಕುಳಿತು, ಎದ್ದು, ಮತ್ತೆ ವೈದ್ಯೇಶ್ವರನ ಗುಡಿಯ ಕಡೆಗೆ ಹೊರಟಳು.