ಚೀಟಿ ಅಂಟಿದ ದ್ವೀಪಗಳು

ಕಾದಂಬರಿಕಾರನು ಇಲ್ಲದುದನ್ನು ಇದ್ದಂತೆ ಬರೆದರೆ ಅದು ಕಲ್ಪನೆ. ಪ್ರವಾಸಿಯು ಹಾಗೆ ಬರೆದರೆ ಅದಕ್ಕೆ ಏನೆಂದು ಹೆಸರಿಡಬೇಕು? “ಇಂಥ ಊರಿಗೆ ಹೋದೆನು, ಇಂಥದನ್ನು ಕಂಡೆನು” ಎಂದು ಹೇಳತೊಡಗಿದವನು ವಾಚಕನಿಗೆ ಒಂದು ಮಾತು ಕೊಟ್ಟಿರುತ್ತಾನೆ. ಇಂಗ್ಲಿಷ್ ಕಾದಂಬರಿಕಾರನಾದ ಈವ್ಲಿನ್ ವಾ (1903–1966) 1930ರಲ್ಲಿ ಪ್ರಕಟಿಸಿದ ‘ಲೇಬಲ್ಸ್’ ಎಂಬ ಪ್ರವಾಸಗ್ರಂಥವನ್ನು ಓದಿದವರಿಗೆ ಈ ಪ್ರಶ್ನೆ ತಲೆದೋರದೆ ಇರದು.

ಗ್ರಂಥದ ವಸ್ತು 1929ನೆಯ ಇಸವಿಯ ಒಂದು ಭೂಮಧ್ಯ ಸಮುದ್ರವಿಹಾರ. ನಾರ್ವೆಯ ಕಂಪನಿಯೊಂದಕ್ಕೆ ಸೇರಿದ್ದ ‘ಸ್ಟೆಲ್ಲಾ ಪೋಲಾರಿಸ್’ 1927ರಲ್ಲಿ ವಿಹಾರಕ್ಕೆಂದೇ ಕಟ್ಟಿದ ಹಡಗು. ಸುಮಾರು 200 ಮಂದಿಗೆ ಮಾತ್ರ ಸ್ಥಳ. ಮಹಾಸಾಗರಗಳನ್ನು ದಾಟುವ ಹಡಗುಗಳ ಮುಂದೆ ಇದು ಚಿಕ್ಕದು. ಸುಖಸಾಧನಗಳಲ್ಲಿ ಮಾತ್ರ ಯಾವುದಕ್ಕೂ ಕಡಮೆಯಲ್ಲ. ಸಿಸಿಲಿ, ಮಾಲ್ಟಾ, ಕ್ರೀಟ್, ಕಾರ್ಫು ಎಂದು ದ್ವೀಪದಿಂದ ದ್ವೀಪಕ್ಕೆ ಸಾಗುವುದು, ಇಳಿದು ಕೆಲವು ಗಂಟೆ ನೋಡುವುದು, ಮತ್ತೆ ಹಡಗನ್ನೇರುವುದು: ಇದು ಅಂಥ ವಿಹಾರದ ಕ್ರಮ. ಈ ಊರುಗಳಿಗೆಲ್ಲ ಹಿಂದಿನವರೇ ಹೆಸರುಚೀಟಿಗಳನ್ನು ಅಂಟಿಸಿಬಿಟ್ಟಿದ್ದಾರೆ, ಹೊಸಬನು ಕಾಣುವುದು ಊರನ್ನಲ್ಲ, ಚೀಟಿಯನ್ನು ಎಂಬುದೇ ಗ್ರಂಥನಾಮದ ಅಭಿಪ್ರಾಯ.

ಇಪ್ಪತ್ತೈದು ವರ್ಷದ ತರುಣನು ಈ ಚೀಟಿಗಳನ್ನು ಕೀಳುವ ಚಾತುರ್ಯ ಮೆಚ್ಚತಕ್ಕದ್ದು. ಕವಿಗಳೂ ಚಿತ್ರಕಾರರೂ ಮಣಿದ ಎಟ್ನಾ ಪರ್ವತವನ್ನು ಸಂಜೆಗೆಂಪಿನಲ್ಲಿ ಕಂಡು ಅವನು ಪಡುವುದು ಆನಂದವನ್ನಲ್ಲ, ಹೇವರಿಕೆಯನ್ನು. ಕ್ರೀಟಿನಲ್ಲಿ ಪುರಾತನವೆಂದು ತೋರಿಸಿದ ಭಿತ್ತಿಚಿತ್ರಗಳಲ್ಲಿ ನಿಜವಾಗಿ ಹಳೆಯದು ಅಂಗುಲಗಳ ಲೆಕ್ಕದಲ್ಲಿ ಮಾತ್ರ ಉಳಿದಿದೆ, ಮಿಕ್ಕುದೆಲ್ಲ ಜೀರ್ಣೋದ್ಧಾರ ಮಾಡಿದವರ ಇತ್ತೀಚಿನ ಕೈಗೆಲಸ, ಅದರಲ್ಲಿ ಉಡುಪಿನ ಪತ್ರಿಕೆಗಳ ಮುಖಚಿತ್ರದ ರುಚಿಯೂ ಬೆರೆತಿದೆ ಎಂದು ಗುರುತಿಸುವ ಕಣ್ಣು ಹರಿತವಾದುದು. ಪರಿಹಾಸ್ಯಕ್ಕೆ ಮಾತ್ರ ಅವನ ಶಕ್ತಿ ಮುಗಿಯಿತೆಂದು ತಿಳಿಯಬಾರದು. ಬಾರ್ಸಿಲೋನದಲ್ಲಿ ಗೌಡಿಯ ಕಟ್ಟಡಗಳೆದುರು ನಗೆ ಹಿಂದೆ ಸರಿದು ಬೆರಗು ಮುಂದೆ ಬರುತ್ತದೆ. ಆಗ ಇಂಗ್ಲಿಷರಲ್ಲಿ ಹೆಚ್ಚು ಮಂದಿಗೆ ತಿಳಿಯದಿದ್ದ ಆ ಶಿಲ್ಪಿಯ ಕೆಲಸಕ್ಕೆ ಇನ್ನೂ ಚೀಟಿ ಬಿದ್ದಿರಲಿಲ್ಲ. ಆದುದರಿಂದಲೇ ನೋಟ ನೇರವಾಗಿದೆ.

ಗ್ರಂಥದ ಮರ್ಮವಿರುವುದು ಬೇರೊಂದು ಕಡೆ. ವಾ ಹೊರಟದ್ದು ಒಬ್ಬನೇ ಅಲ್ಲ. 1928ರಲ್ಲಿ ವರಿಸಿದ ಪತ್ನಿಯೂ ಜೊತೆಗಿದ್ದಳು. ದಾರಿಯಲ್ಲಿ ಆಕೆಗೆ ನ್ಯುಮೋನಿಯಾ ಜ್ವರ ಬಂದು, ಪೋರ್ಟ್ ಸೈಯದ್‌ನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಕೆ ಚೇತರಿಸಿಕೊಂಡಳು, ಆದರೆ ಅದೇ ಬೇಸಿಗೆಯಲ್ಲಿ ದಾಂಪತ್ಯ ಮುರಿಯಿತು. ಮಾರನೆಯ ವರ್ಷ ಬಂದ ಗ್ರಂಥದಲ್ಲಿ ಕಥಕನು ಏಕಾಂಗಿ. ರೋಗಿಯೂ ಗಂಡನೂ ಜೂಲಿಯೆಟ್, ಜೆಫ್ರಿ ಎಂಬ ಬೇರೆ ದಂಪತಿಗಳಾಗಿ, ದಾರಿಯಲ್ಲಿ ಸಿಕ್ಕ ಪರಿಚಿತರಾಗಿ ಬರುತ್ತಾರೆ. ಅಮೆರಿಕದ ಮುದ್ರಣಕ್ಕಂತೂ ‘ಪರದೇಶದಲ್ಲಿ ಬ್ರಹ್ಮಚಾರಿ’ ಎಂಬರ್ಥದ ಹೆಸರೇ ಬಿತ್ತು.

ಮನೆಯ ದುಃಖವನ್ನು ಬೀದಿಯಲ್ಲಿ ಹರಡಬೇಕೆಂದು ಯಾರೂ ಲೇಖಕನನ್ನು ನಿರ್ಬಂಧಿಸಲಾರರು. ಮೌನವು ಅವನ ಹಕ್ಕು. ಆದರೆ ಮೌನ ಬೇರೆ, ಮುಖವಾಡ ಬೇರೆ. ಮಾಲ್ಟಾದ ಹೋಟೆಲಿನವರೊಡನೆ, ಪುಸ್ತಕದಲ್ಲಿ ಪ್ರಶಂಸಿಸುವೆನೆಂದು ತಾನು ಮಾಡಿಕೊಂಡ ವ್ಯಾಪಾರವನ್ನು ನಗುನಗುತ್ತ ಬಯಲು ಮಾಡುವ ಈತನು ಅಲ್ಪದಲ್ಲಿ ನಿಷ್ಕಪಟಿ, ಮಹತ್ತರವಾದುದರಲ್ಲಿ ಮರೆಗಾರ. ಇದರಿಂದ ಕೆಟ್ಟದ್ದು ನೀತಿಯೊಂದೇ ಅಲ್ಲ, ಕಲೆಯೂ ಕೆಟ್ಟಿತು. ಬೇರೆ ವಿಹಾರಿಗಳು ಗಂಟೆಗಳಲ್ಲಿ ದಾಟಿಹೋದ ಪೋರ್ಟ್ ಸೈಯದ್‌ನಲ್ಲಿ ಅವನು ವಾರಗಟ್ಟಲೆ ಉಳಿದನು. ಮುಂಬಯಿಯಿಂದ ಸೂಯೆಜ್ ಮಾರ್ಗವಾಗಿ ವಿಲಾಯಿತಿಗೆ ಹೋದ ನಮ್ಮವರಿಗೂ ಅದು ದಾರಿಯ ಒಂದು ತಂಗುದಾಣಕ್ಕಿಂತ ಹೆಚ್ಚಾಗಿರಲಿಲ್ಲ. ಹಡಗುಗಳನ್ನೇ ನಂಬಿ ಬದುಕುವ ಆ ಊರನ್ನು ಅವನು ನಿಂತು ನೋಡಿದುದರಿಂದಲೇ ಆ ಅಧ್ಯಾಯಕ್ಕೆ ಗ್ರಂಥದಲ್ಲೆಲ್ಲ ಹೆಚ್ಚಿನ ಸಾಂದ್ರತೆ ಬಂದಿದೆ. ಆದರೆ ನಿಲ್ಲಿಸಿದ ಕಾರಣವನ್ನೇ ಮತ್ತೊಬ್ಬನ ಪಾಲಿಗೆ ಬರೆದುಕೊಟ್ಟದ್ದರಿಂದ ಅಲ್ಲಿನ ನಗೆಯಲ್ಲಿ ಏನೋ ಒಂದು ಬರಡು. ಆಸ್ಪತ್ರೆಯ ಬಾಗಿಲಲ್ಲಿ ಕುಳಿತವನ ಮನಸ್ಸು ಊರಿನ ವಿನೋದಸ್ಥಾನಗಳನ್ನು ಹೇಗೆ ಕಂಡೀತು? ಅದನ್ನು ಬರೆದಿದ್ದರೆ, ಯಾರೂ ಚೀಟಿ ಅಂಟಿಸಲಾರದ ಒಂದು ಪುಟವಾದರೂ ಈ ಗ್ರಂಥದಲ್ಲಿರುತ್ತಿತ್ತು.

ಇನ್ನೊಂದು ದೋಷವನ್ನೂ ಹೇಳಲೇಬೇಕು. ಯೂರೋಪಿಯನ್ ಯಾತ್ರಿಕರ ಸಿದ್ಧಾಭಿಪ್ರಾಯಗಳನ್ನು ಅಷ್ಟು ನಿಷ್ಠುರವಾಗಿ ಕಿತ್ತವನು ಈಜಿಪ್ಟಿನ ಜನರ ವಿಷಯದಲ್ಲಿ ಅವೇ ಯಾತ್ರಿಕರ ಚೀಟಿಗಳನ್ನು ಮರುಮಾತಿಲ್ಲದೆ ಒಪ್ಪಿಕೊಂಡಿದ್ದಾನೆ. ಆ ಜನರು ಅವನಿಗೆ ಬಹುಮಟ್ಟಿಗೆ ಹಿನ್ನೆಲೆ. ಹೆಸರಿಟ್ಟು ಮಾತನಾಡಿಸಿದ ಮನುಷ್ಯರು ವಿರಳ.

1946ರಲ್ಲಿ ತನ್ನ ಪ್ರವಾಸಗ್ರಂಥಗಳಿಂದ ಆಯ್ದು ಒಂದು ಸಂಪುಟವನ್ನು ಮಾಡಿದಾಗ ವಾ ಈ ಭಾಗಕ್ಕೆ ‘1929ರ ಒಂದು ವಿಹಾರಯಾನ’ ಎಂಬರ್ಥದ ಹೆಸರಿಟ್ಟನು. ಆ ಹಡಗೂ 2006ರಲ್ಲಿ ಜಪಾನಿನ ಕರಾವಳಿಯ ಬಳಿ ಮುಳುಗಿತು. ಚಿಕ್ಕ ಹಡಗುಗಳಲ್ಲಿ ಆ ದ್ವೀಪಗಳನ್ನು ಸುತ್ತುವ ವಿಹಾರ ಇಂದೂ ನಡೆದಿದೆ. ಚೀಟಿಗಳು ಇನ್ನೂ ದಪ್ಪನಾಗಿವೆ. ಆದುದರಿಂದ ಈ ಗ್ರಂಥ ಇಂದಿಗೂ ಓದತಕ್ಕದ್ದು. ಅದರ ಹಾಸ್ಯವನ್ನು ಸವಿಯುವವರು ಪೋರ್ಟ್ ಸೈಯದ್‌ನ ಅಧ್ಯಾಯಕ್ಕೆ ಬಂದಾಗ ಮಾತ್ರ ಜೂಲಿಯೆಟ್ ಯಾರೆಂಬುದನ್ನು ಮರೆಯದಿರುವುದು ಲೇಸು.