ಆಲಿಸ್‌ಗೆ ಖಡ್ಗ ಕೊಟ್ಟವರು

‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಸಿನಿಮಾಕ್ಕೆ ಒಗ್ಗದ ಪುಸ್ತಕ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಅದರಲ್ಲಿ ಕಥೆಯೇ ಇಲ್ಲವಂತೆ. ಒಬ್ಬ ಹುಡುಗಿ ಒಬ್ಬ ತಿಕ್ಕಲನನ್ನು ಬಿಟ್ಟು ಇನ್ನೊಬ್ಬ ತಿಕ್ಕಲನ ಹತ್ತಿರ ಹೋಗುತ್ತಾಳಂತೆ, ಅಷ್ಟೇ. ಅವಳಿಗೊಂದು ಗುರಿಯಿಲ್ಲ, ನೋಡುವವರಿಗೆ ಅವಳ ಮೇಲೆ ಮಮತೆ ಹುಟ್ಟುವುದಿಲ್ಲ. 2010ರಲ್ಲಿ ಟಿಮ್ ಬರ್ಟನ್ ತನ್ನ ಆಲಿಸ್ ಸಿನಿಮಾಕ್ಕೆ ಭವಿಷ್ಯವಾಣಿ, ಯುದ್ಧ, ಖಡ್ಗಗಳನ್ನು ತಂದು ಸೇರಿಸಿದ್ದರ ಹಿಂದೆ ಇದ್ದದ್ದು ಇದೇ ತೀರ್ಪು. ಆ ಸಿನಿಮಾ ಜಗತ್ತಿನಾದ್ಯಂತ ನೂರು ಕೋಟಿ ಡಾಲರಿಗೂ ಮೀರಿ ಗಳಿಸಿದ ಮೇಲಂತೂ ಇದು ಮರುವಿಚಾರಣೆ ಬೇಡದ ಸತ್ಯವಾಗಿ ಕೂತುಬಿಟ್ಟಿದೆ. ನನ್ನ ಮಟ್ಟಿಗೆ ಇದು ಅಪ್ಪಟ ಸುಳ್ಳು, ಮತ್ತು ಅಪಾಯದ ಸುಳ್ಳು.

ಕಥೆಯಿಲ್ಲ ಎನ್ನುವವರು ಮೊದಲ ಅಧ್ಯಾಯವನ್ನೇ ಗಮನವಿಟ್ಟು ಓದಿಲ್ಲ. ಬಿಲದೊಳಗೆ ಬಿದ್ದ ಆಲಿಸ್‌ಗೆ ಹದಿನೈದು ಅಂಗುಲ ಎತ್ತರದ ಪುಟ್ಟ ಬಾಗಿಲೊಂದು ಸಿಗುತ್ತದೆ. ಬಗ್ಗಿ ನೋಡಿದರೆ ಆಚೆಗೆ ಹೂಪಾತಿಗಳೂ ಕಾರಂಜಿಗಳೂ ಇರುವ ತೋಟ. ಅಲ್ಲಿಗೆ ಹೋಗಬೇಕೆಂಬ ಆಸೆ ಅವಳನ್ನು ಕೊನೆಯವರೆಗೂ ಬಿಡುವುದಿಲ್ಲ. ಕುಡಿದು ಕುಗ್ಗುತ್ತಾಳೆ, ತಿಂದು ಬೆಳೆಯುತ್ತಾಳೆ, ಬೀಗದ ಕೈ ಎಟುಕುವುದಿಲ್ಲ, ಎಟುಕುವಾಗ ಬಾಗಿಲು ಹಿಡಿಸುವುದಿಲ್ಲ. ಟೀ ಪಾರ್ಟಿಯೆಲ್ಲ ಮುಗಿದು, ಎಂಟನೆಯ ಅಧ್ಯಾಯದ ಹೊತ್ತಿಗೆ ಅಂತೂ ಒಳಗೆ ಕಾಲಿಟ್ಟರೆ ಅಲ್ಲಿ ಏನಿದೆ? ಬಿಳಿ ಗುಲಾಬಿಗೆ ಕೆಂಪು ಬಣ್ಣ ಬಳಿಯುತ್ತಿರುವ ಹೆದರುಪುಕ್ಕಲ ಮಾಲಿಗಳು, ಮಾತೆತ್ತಿದರೆ ತಲೆ ತೆಗೆಸುವ ರಾಣಿ. ಆಸೆಪಟ್ಟು ಕಾದು ಸೇರಿದ ದೊಡ್ಡವರ ಲೋಕ ಒಳಗಿನಿಂದ ಇಷ್ಟು ಸಣ್ಣದು ಎಂದು ಒಂದು ಮಗು ಕಂಡುಕೊಳ್ಳುವುದಕ್ಕಿಂತ ದೊಡ್ಡ ಕಥೆಯನ್ನು ಇವರು ಯಾವ ಚಿತ್ರಕಥೆಯಲ್ಲಿ ಬರೆದಿದ್ದಾರೆ?

ಇನ್ನು ಆ ಹುಡುಗಿಯ ಸ್ವಭಾವ. ಆಲಿಸ್ ಮುದ್ದು ಮಗುವಲ್ಲ. ಏಳು ವರ್ಷದ, ಮಾತಿಗೆ ಮಾತು ಕೊಡುವ, ತನಗೆ ತಾನೇ ಬುದ್ಧಿ ಹೇಳಿಕೊಳ್ಳುವ, ಸ್ವಲ್ಪ ಜಂಬದ ಹುಡುಗಿ. ಟೀ ಪಾರ್ಟಿಯಲ್ಲಿ ತನ್ನ ಕೂದಲಿನ ಬಗ್ಗೆ ಮಾತಾಡಿದ ಹ್ಯಾಟರ್‌ನಿಗೆ ಹೀಗೆ ವೈಯಕ್ತಿಕವಾಗಿ ಮಾತಾಡುವುದು ಸಭ್ಯತೆಯಲ್ಲ ಎಂದು ಗದರುತ್ತಾಳೆ. ಇಲ್ಲದ ವೈನನ್ನು ಕುಡಿಯಲು ಕರೆದವನಿಗೆ ಅದು ಮರ್ಯಾದೆಯಲ್ಲ ಎನ್ನುತ್ತಾಳೆ. ಅವಳ ಸುತ್ತ ಇರುವವರೆಲ್ಲ ದೊಡ್ಡವರು: ಉಪನ್ಯಾಸ ಕೊಡುವವರು, ಪದ್ಯ ಒಪ್ಪಿಸು ಎಂದು ನಿಲ್ಲಿಸುವವರು, ತಾವು ಕೇಳಿದ ಒಗಟಿಗೆ ತಮಗೇ ಉತ್ತರ ಗೊತ್ತಿಲ್ಲದವರು. ಆಕ್ಸ್‌ಫರ್ಡಿನಲ್ಲಿ ಗಣಿತ ಹೇಳುತ್ತಿದ್ದ ಚಾರ್ಲ್ಸ್ ಡಾಜ್‌ಸನ್ 1862ರ ಜುಲೈ 4ರಂದು ದೋಣಿಯಲ್ಲಿ ಕೂತು ಡೀನರ ಮಕ್ಕಳಿಗೆ ಹೇಳಿದ್ದು, ಮುಂದೆ 1865ರಲ್ಲಿ ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಅಚ್ಚಿಗೆ ಕೊಟ್ಟದ್ದು ಈ ಜಗಳಗಳನ್ನು. ಆಲಿಸ್ ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ಈ ಜಗಳ ಉಳಿದಿದೆಯೇ?

ಈ ಅಳತೆಯಲ್ಲಿ ಹೆಚ್ಚಿನವು ಬೇಗ ಉದುರಿಹೋಗುತ್ತವೆ. 1903ರ ಸೆಸಿಲ್ ಹೆಪ್‌ವರ್ತ್‌ನ ಮೂಕಿ ಚಿತ್ರ ಕುಗ್ಗಿ ಬೆಳೆಯುವ ಕ್ಯಾಮೆರಾ ಚಮತ್ಕಾರಕ್ಕೆ ಮನಸೋತದ್ದು ಸಹಜ, ಸಿನಿಮಾವೇ ಆಗ ಮಗುವಾಗಿತ್ತು. 1933ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಆ ನೆಪ ಇರಲಿಲ್ಲ. ತನ್ನ ಕೈಯಲ್ಲಿದ್ದ ತಾರೆಯರನ್ನೆಲ್ಲ ಕರೆತಂದು, ಪುಸ್ತಕಕ್ಕೆ ಚಿತ್ರ ಬರೆದ ಟೆನಿಯಲ್‌ನ ಚಿತ್ರಗಳಂತೆ ಕಾಣಲಿ ಎಂದು ದಪ್ಪ ಮುಖವಾಡಗಳೊಳಗೆ ತುರುಕಿತು. ಮಾಕ್ ಟರ್ಟಲ್ ಎಂಬ ಆಮೆಯ ಚಿಪ್ಪಿನೊಳಗೆ ಇರುವುದು ಕ್ಯಾರಿ ಗ್ರಾಂಟ್ ಎಂದು ಯಾರಾದರೂ ಹೇಳಿದರೇ ಗೊತ್ತಾಗಬೇಕು. ಮುಖವೇ ಕಾಣದಿದ್ದ ಮೇಲೆ ಆ ಹುಡುಗಿ ಯಾರ ಜೊತೆ ಜಗಳವಾಡಬೇಕು?

1951ರ ಡಿಸ್ನಿ ಚಿತ್ರದ ಬಗ್ಗೆ ಜನರಿಗೆ ಅಕ್ಕರೆ ಇದೆ. ಮೇರಿ ಬ್ಲೇರ್ ಕೊಟ್ಟ ಬಣ್ಣಗಳು ಮನಸ್ಸಿಗೆ ಹತ್ತುತ್ತವೆ, ಒಪ್ಪುತ್ತೇನೆ. ಆದರೆ ಆ ಚಿತ್ರದ ಕೊನೆಯ ಭಾಗದಲ್ಲಿ, ಕತ್ತಲ ಕಾಡಿನಲ್ಲಿ, ಆಲಿಸ್ ಒಂಟಿಯಾಗಿ ಕೂತು ಅಳುತ್ತ ಹಾಡುತ್ತಾಳೆ: ಒಳ್ಳೆಯ ಬುದ್ಧಿ ತನಗೆ ಗೊತ್ತು, ಆದರೆ ಅದರಂತೆ ನಡೆಯುವುದಿಲ್ಲ ಎಂಬರ್ಥದ ಹಾಡು. ಸುತ್ತ ನಿಂತ ವಿಚಿತ್ರ ಪ್ರಾಣಿಗಳೂ ಅವಳ ಜೊತೆ ಕಣ್ಣೀರಿಡುತ್ತವೆ. ಆಮೇಲೆ ಅವಳಿಗೆ ಬೇಕಾಗಿರುವುದು ಮನೆ ಮಾತ್ರ. ಪುಸ್ತಕದ ಆಲಿಸ್ ಕೂಡ ಅಳುತ್ತಾಳೆ, ಕೊಳವಾಗುವಷ್ಟು ಅಳುತ್ತಾಳೆ. ಆದರೆ ಅಳುವಾಗಲೇ ಇಷ್ಟು ದೊಡ್ಡವಳಾಗಿ ನಾಚಿಕೆಯಾಗಬೇಡವೇ ಎಂದು ತನ್ನನ್ನೇ ಬೈದುಕೊಳ್ಳುತ್ತಾಳೆ. ಆಮೇಲೆ ಆ ಕಣ್ಣೀರಿನಲ್ಲೇ ಈಜಿ ದಡ ಸೇರುತ್ತಾಳೆ. ಡಿಸ್ನಿ ಅವಳನ್ನು ತಪ್ಪು ಮಾಡಿ ಪಶ್ಚಾತ್ತಾಪಪಡುವ ಹುಡುಗಿಯಾಗಿ ಮಾಡಿತು. ಕುತೂಹಲಕ್ಕೆ ಶಿಕ್ಷೆ ಕೊಡುವ ಈ ಕೆಲಸವನ್ನು ನಾನು ಬಣ್ಣಗಳಿಗಾಗಿ ಕ್ಷಮಿಸಲಾರೆ.

ಈಗ ನನ್ನ ಸಿನಿಮಾಕ್ಕೆ ಬರುತ್ತೇನೆ. 1966ರ ಡಿಸೆಂಬರ್ 28ರಂದು ಬಿಬಿಸಿ ದೂರದರ್ಶನದಲ್ಲಿ ಬಿತ್ತರವಾದ, ಜೊನಾಥನ್ ಮಿಲ್ಲರ್ ನಿರ್ದೇಶಿಸಿದ ಕಪ್ಪುಬಿಳುಪಿನ ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಮಿಲ್ಲರ್ ಓದಿದ್ದು ವೈದ್ಯಕೀಯ, ಹೆಸರಾದದ್ದು ವಿಡಂಬನೆಯ ರಂಗಭೂಮಿಯಲ್ಲಿ. ಅವನು ಮಾಡಿದ ಮೊದಲ ಕೆಲಸ ಪ್ರಾಣಿಗಳ ತಲೆಗಳನ್ನು ತೆಗೆದುಹಾಕಿದ್ದು. ಮೊಲವಿಲ್ಲ, ಕಂಬಳಿಹುಳುವಿಲ್ಲ, ಆಮೆಯಿಲ್ಲ. ಮೊಲದ ಜಾಗದಲ್ಲಿ ಗಡಿಬಿಡಿಯ ವಿಕ್ಟೋರಿಯನ್ ಗೃಹಸ್ಥ ವಿಲ್ಫ್ರಿಡ್ ಬ್ರಾಂಬೆಲ್, ಕಂಬಳಿಹುಳುವಿನ ಜಾಗದಲ್ಲಿ ಪ್ರಾಧ್ಯಾಪಕನಂತಿರುವ ಮೈಕೆಲ್ ರೆಡ್‌ಗ್ರೇವ್, ಹ್ಯಾಟರ್ ಆಗಿ ಪೀಟರ್ ಕುಕ್, ರಾಜನಾಗಿ ಪೀಟರ್ ಸೆಲ್ಲರ್ಸ್. ಚೆಷೈರ್ ಬೆಕ್ಕು ಮಾತ್ರ ಬೆಕ್ಕಾಗಿಯೇ, ಆಕಾಶದಲ್ಲಿ ಒಂದಿಷ್ಟು ಹೊತ್ತು ಕಾಣಿಸುತ್ತದೆ. ಹೀಗೆ ಮೊಲವನ್ನೂ ಆಮೆಯನ್ನೂ ಬಿಟ್ಟ ಮೇಲೆ ಮೂಲನಿಷ್ಠೆ ಎಲ್ಲಿ ಎಂದು ಕೇಳುವವರಿದ್ದಾರೆ. ಡಿಸ್ನಿ ಒಂದು ಹಾಡು ಸೇರಿಸಿದ್ದಕ್ಕೆ ಸಿಟ್ಟಾಗುವ ನೀನು ಮಿಲ್ಲರ್ ಇಡೀ ಪ್ರಾಣಿಸಂಕುಲವನ್ನೇ ಕಳಚಿದ್ದನ್ನು ಹೇಗೆ ಒಪ್ಪುತ್ತೀಯ ಎಂದು ಗೆಳೆಯರು ನನ್ನನ್ನೂ ಕೇಳಿದ್ದಾರೆ. ಒಪ್ಪುತ್ತೇನೆ. ಮಿಲ್ಲರ್ ತೆಗೆದದ್ದು ವೇಷವನ್ನು, ಡಿಸ್ನಿ ತೆಗೆದದ್ದು ಹುಡುಗಿಯ ಬೆನ್ನುಮೂಳೆಯನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಸಿದ್ಧನಿಲ್ಲ.

ಆ ಸಿನಿಮಾದ ಆರಂಭವನ್ನೇ ನೋಡಿ. ಆಲಿಸ್‌ಳ ದಟ್ಟ ಕೂದಲನ್ನು ಯಾರೋ ಬಾಚುತ್ತಿದ್ದಾರೆ. ಬಾಚಣಿಗೆ ಎಳೆದಂತೆಲ್ಲ ತಲೆ ಹಿಂದಕ್ಕೆ ಜಗ್ಗುತ್ತದೆ. ಮುಖದಲ್ಲಿ ನಗುವಿಲ್ಲ, ದೂರೂ ಇಲ್ಲ. ದೊಡ್ಡವರ ಕೈಗೆ ಮೈಯನ್ನು ಒಪ್ಪಿಸಿ ಮನಸ್ಸನ್ನು ಬೇರೆಲ್ಲೋ ಇಟ್ಟಿರುವ ಮಗುವಿನ ಮುಖ ಅದು. ಆನ್-ಮರೀ ಮ್ಯಾಲಿಕ್ ಎಂಬ ಹುಡುಗಿ ಆ ಪಾತ್ರ ಮಾಡಿದ್ದಾಳೆ, ಅವಳು ವೃತ್ತಿಯ ನಟಿಯಲ್ಲ. ಇಡೀ ಸಿನಿಮಾದಲ್ಲಿ ಅವಳು ಯಾರನ್ನೂ ಮೆಚ್ಚಿಸಲು ಹೋಗುವುದಿಲ್ಲ. ಅರ್ಧ ಮಾತು ಅವಳ ಬಾಯಿಂದಲೇ ಬರುವುದಿಲ್ಲ, ಒಳದನಿಯಾಗಿ ಪಿಸುಗುಟ್ಟುತ್ತದೆ. ಎದುರಿಗಿರುವವನ ಮುಖವನ್ನು ನೋಡದೆ ಪಕ್ಕಕ್ಕೆ ನೋಡುತ್ತಾಳೆ. ಮಕ್ಕಳು ದೊಡ್ಡವರ ಸಭೆಯಲ್ಲಿ ಕೂತಾಗ ಹೀಗೇ ಇರುತ್ತಾರೆ ಎಂದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಪರದೆಯ ಮೇಲೆ ಅದನ್ನು ತೋರಿಸುವ ಧೈರ್ಯ ಮಿಲ್ಲರ್‌ಗೆ ಇತ್ತು.

ಸಂಗೀತ ರವಿಶಂಕರರದು. ಇಂಗ್ಲಿಷ್ ಬೇಸಿಗೆಗೆ ಸಿತಾರ್ ಏಕೆ ಎಂದು ಮೂಗು ಮುರಿದವರು ಅದನ್ನು ಆ ದಶಕದ ಶೋಕಿ ಎಂದು ತಳ್ಳಿಹಾಕಿದರು. ನನಗೆ ಕೇಳುವುದು ಬೇರೆ. ಬಿಸಿಲಿನ ಮಧ್ಯಾಹ್ನ, ನೊಣಗಳ ಗುಂಯ್‌ಗುಡುವಿಕೆ, ತೂಕಡಿಕೆ, ಅದರೊಳಗಿಂದ ಸ್ವರ ಎಳೆಯೆಳೆಯಾಗಿ ಹೊರಡುತ್ತದೆ. ಕನಸು ಎಂದೊಡನೆ ಹೊಗೆ ಬಿಡುವ, ಬಣ್ಣದ ದೀಪ ಹಾಕುವ ಚಾಳಿಯೇ ಇಲ್ಲಿಲ್ಲ. ನೆಟ್ಲಿಯ ಹಳೆಯ ಸೈನಿಕ ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಬಿಳಿ ಪರದೆಗಳು ಗಾಳಿಗೆ ಉಬ್ಬುತ್ತಿವೆ, ಹುಡುಗಿ ನಡೆಯುತ್ತಾಳೆ. ಸಾಮ್ರಾಜ್ಯದ ಗಾಯಾಳುಗಳಿಗಾಗಿ ಕಟ್ಟಿದ ಆ ಮಹಾಕಟ್ಟಡ ಆಗ ನೆಲಸಮವಾಗುವ ಹೊಸ್ತಿಲಲ್ಲಿತ್ತು.

ಮಾಕ್ ಟರ್ಟಲ್ ದೃಶ್ಯವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಪುಸ್ತಕದಲ್ಲಿ ಅದು ತನ್ನ ಶಾಲೆಯನ್ನು ನೆನೆದು ಬಿಕ್ಕುವ ಆಮೆ. ಇಲ್ಲಿ ಜಾನ್ ಗೀಲ್‌ಗುಡ್, ಜೊತೆಗೆ ಗ್ರಿಫನ್ ಆಗಿ ಪತ್ರಕರ್ತ ಮಾಲ್ಕಮ್ ಮಗರಿಜ್. ಇಬ್ಬರು ಮುದಿ ಮೇಷ್ಟ್ರುಗಳು, ನೀರು ಹಿಂದೆ ಸರಿದ ಕಡಲತೀರದ ಒದ್ದೆ ಮರಳಿನ ಮೇಲೆ ಹುಡುಗಿಯನ್ನು ಕರೆದುಕೊಂಡು ನಡೆಯುತ್ತಾರೆ. ತಾವು ಓದಿದ ಪಾಠಗಳ ವೈಭವ ಹೇಳುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಅವರಿಗೆ ಆ ಶಾಲೆಯ ಆಚೆಗೆ ಬದುಕೇ ಇರಲಿಲ್ಲ. ಅದನ್ನು ಅವರ ಬಾಯಿಂದ ಯಾರೂ ಹೇಳಿಸುವುದಿಲ್ಲ, ಆ ಹುಡುಗಿಗೆ ಮಾತ್ರ ಅದು ತಿಳಿದುಬಿಡುತ್ತದೆ. ಆಮೆಯ ವೇಷ ಹಾಕಿದ್ದರೆ ಇದು ತಮಾಷೆಯಾಗಿ ಮುಗಿಯುತ್ತಿತ್ತು. ಗೀಲ್‌ಗುಡ್‌ನ ಮುಖದ ಮೇಲೆ ಅದು ಒಂದು ತಲೆಮಾರಿನ ದುಃಖವಾಗುತ್ತದೆ. ಆಲಿಸ್ ಸಿನಿಮಾಗಳ ಇಡೀ ಸಾಲಿನಲ್ಲಿ ಇದಕ್ಕೆ ಸರಿಗಟ್ಟುವ ಐದು ನಿಮಿಷ ಇನ್ನೊಂದಿಲ್ಲ.

ಬಲ್ಲವರು ಇಲ್ಲಿ ಯಾನ್ ಶ್ವಾಂಕ್‌ಮಾಯೆರ್‌ನ ಹೆಸರು ಹೇಳುತ್ತಾರೆ. 1988ರ ಅವನ ಚೆಕ್ ಚಿತ್ರದಲ್ಲಿ ಹೊಟ್ಟು ತುಂಬಿದ ಸತ್ತ ಮೊಲ ಗಾಜಿನ ಪೆಟ್ಟಿಗೆಯಿಂದ ಎದ್ದು ಬರುತ್ತದೆ, ಎದೆಯಿಂದ ಮರದ ಹೊಟ್ಟು ಸುರಿಯುತ್ತದೆ, ಅದನ್ನೇ ಚಮಚದಲ್ಲಿ ತಿನ್ನುತ್ತದೆ. ಕತ್ತರಿ, ಎಲುಬು, ಕಾಲುಚೀಲ, ಎಲ್ಲಕ್ಕೂ ಜೀವ. ಭಯ ಹುಟ್ಟಿಸುವಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೂ ಅವನ ಪ್ರೀತಿ ವಸ್ತುಗಳ ಮೇಲೆ, ಹುಡುಗಿಯ ಮೇಲಲ್ಲ. ಎಲ್ಲರ ಮಾತನ್ನೂ ಅವಳೇ ಆಡುತ್ತಾಳೆ, ಕ್ಯಾಮೆರಾ ಅವಳ ತುಟಿಗಳನ್ನು ಮಾತ್ರ ಹತ್ತಿರದಿಂದ ತೋರಿಸುತ್ತದೆ. ಎಲ್ಲ ದನಿಯೂ ಅವಳದೇ ಆದಮೇಲೆ ಎದುರಾಳಿ ಎಲ್ಲಿ ಉಳಿದ? ವಿಮರ್ಶಕರು ಇವನನ್ನು ಮೊದಲ ಸ್ಥಾನದಲ್ಲಿ ಕೂರಿಸುವುದು ವಾಡಿಕೆ. ನಾನು ಕೂರಿಸುವುದಿಲ್ಲ.

ಬರ್ಟನ್ನನ ಆಲಿಸ್‌ಗೆ ಹತ್ತೊಂಬತ್ತು ವರ್ಷ. ಒಲ್ಲದ ವರನಿಂದ ತಪ್ಪಿಸಿಕೊಂಡು ಬಿಲಕ್ಕೆ ಬೀಳುತ್ತಾಳೆ. ಅಲ್ಲಿ ಅವಳಿಗಾಗಿ ಮೊದಲೇ ಬರೆದಿಟ್ಟ ಭವಿಷ್ಯದ ಸುರುಳಿ ಇದೆ, ಇಂಥ ದಿನ ಇಂಥ ಖಡ್ಗದಿಂದ ರಾಕ್ಷಸನ ತಲೆ ಹಾರಿಸಬೇಕೆಂದಿದೆ. ಅವಳು ಕವಚ ತೊಟ್ಟು ಹಾರಿಸುತ್ತಾಳೆ. ಕ್ಯಾರಲ್‌ನ ಎರಡನೆಯ ಪುಸ್ತಕದಲ್ಲಿ ಆ ರಾಕ್ಷಸ ಇರುವುದು ಒಂದು ಪದ್ಯದಲ್ಲಿ. ಅದನ್ನು ಕೊಲ್ಲುವವನು ಪದ್ಯದೊಳಗಿನ ಹುಡುಗ, ಆಲಿಸ್ ಬರೀ ಓದುವವಳು. ಓದಿ, ಅರ್ಥವಾಗಲಿಲ್ಲ ಆದರೆ ಚೆನ್ನಾಗಿದೆ ಎಂದುಕೊಳ್ಳುವವಳು. ಯಾರ ಆಜ್ಞೆಯನ್ನೂ ಪ್ರಶ್ನಿಸದೆ ಬಿಡದಿದ್ದ ಹುಡುಗಿಯನ್ನು ಭವಿಷ್ಯವಾಣಿಯ ಆಜ್ಞಾಧಾರಕಳನ್ನಾಗಿ ಮಾಡಿ ಇದನ್ನೇ ಬಿಡುಗಡೆ ಎಂದು ಕರೆದರು. ಕೊನೆಗೆ ಅವಳು ಮದುವೆ ಬೇಡವೆಂದು ತಂದೆಯ ವ್ಯಾಪಾರ ಹಿಡಿದು ಚೀನಾದತ್ತ ಹಡಗು ಹತ್ತುತ್ತಾಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡು ಚೀನಾಕ್ಕೆ ಮಾರಿದ್ದು ಏನನ್ನು ಎಂದು ನಾವು ಭಾರತದವರು ಮರೆಯಬಾರದು. ಬಿಹಾರದ, ಮಾಳವದ ರೈತರು ಬೆಳೆದ ಅಫೀಮು ಆ ಹಡಗುಗಳಲ್ಲಿ ಹೋಯಿತು, ಅದಕ್ಕಾಗಿ ಎರಡು ಯುದ್ಧಗಳಾದವು. ಈ ಹಡಗನ್ನು ಹೆಣ್ಣುಮಕ್ಕಳ ಸ್ವಾತಂತ್ರ್ಯದ ಗುರುತೆಂದು ಹತ್ತಿಸಿ ಕಳಿಸುವಾಗ ಅಷ್ಟು ದೊಡ್ಡ ಚಿತ್ರತಂಡದಲ್ಲಿ ಒಬ್ಬರಿಗೂ ಮುಜುಗರವಾಗಲಿಲ್ಲವೇ? 2016ರ ಮುಂದುವರಿಕೆಯಲ್ಲಿ ಹ್ಯಾಟರ್‌ನಿಗೂ ಒಂದು ಕಳೆದುಹೋದ ಕುಟುಂಬ ಕೊಟ್ಟರು. ಅವನ ಹುಚ್ಚಿಗೂ ಕಾರಣ ಬೇಕಾಯಿತು.

ಇಷ್ಟೆಲ್ಲ ಬೇಕಾಗುವುದು ಏಕೆ ಎಂದರೆ, ಮಕ್ಕಳ ಕಥೆಯಿಂದ ಏನಾದರೂ ‘ಸಿಗಬೇಕು’ ಎಂಬ ಹಟ ನಮ್ಮನ್ನು ಬಿಟ್ಟಿಲ್ಲ. ಹಿಂದೆ ಅದಕ್ಕೆ ನೀತಿ ಎನ್ನುತ್ತಿದ್ದರು, ಈಗ ಆತ್ಮವಿಶ್ವಾಸ ಎನ್ನುತ್ತಾರೆ. ಕ್ಯಾರಲ್‌ನ ಪುಸ್ತಕದಲ್ಲಿ ಪ್ರತಿಯೊಂದರಲ್ಲೂ ನೀತಿ ಹುಡುಕುವ ಪಾತ್ರವೊಂದಿದೆ. ಅದು ಡಚೆಸ್, ಆಲಿಸ್‌ಳ ಹೆಗಲ ಮೇಲೆ ತನ್ನ ಚೂಪು ಗದ್ದವನ್ನು ಊರಿ ನಡೆಯುವವಳು, ಹುಡುಗಿಗೆ ನೋವಾಗುತ್ತಿದ್ದರೂ ಗದ್ದ ತೆಗೆಯದವಳು. ಮಕ್ಕಳ ಸಿನಿಮಾ, ಮಕ್ಕಳ ನಾಟಕ, ಮಕ್ಕಳ ಪುಸ್ತಕ ಯಾವುದನ್ನೇ ನೋಡಿದರೂ ಸಂದೇಶ ಏನು ಎಂದು ಕೇಳುವ ನಮ್ಮ ತೀರ್ಪುಗಾರರ, ಪಾಲಕರ ಗದ್ದ ಇದೇ. ಬೇರೆ ದಾರಿ ನಮಗೆ ಗೊತ್ತಿಲ್ಲವೆಂದಲ್ಲ. ಟ್ಯಾಗೋರರ ಗಿಣಿಯ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ಯಾಗಿ ಮಕ್ಕಳ ಕೈಯಲ್ಲಿ ಆಡಿಸಿದರು. ಪಂಡಿತರು ಸೇರಿ ಗಿಣಿಗೆ ವಿದ್ಯೆ ತುರುಕುವ ಆ ನಾಟಕದಲ್ಲಿ ಮಕ್ಕಳು ದೊಡ್ಡವರ ಮೂರ್ಖತನವನ್ನು ಎದುರೆದುರೇ ಆಡಿ ತೋರಿಸುತ್ತಾರೆ. ಗಿಣಿಯ ಕೈಗೆ ಖಡ್ಗ ಕೊಡಬೇಕೆಂದು ಕಾರಂತರಿಗೆ ಅನ್ನಿಸಲಿಲ್ಲ.

ಮಿಲ್ಲರ್‌ನ ಚಿತ್ರ ಮಕ್ಕಳಿಗೆ ತಕ್ಕುದಲ್ಲ ಎಂದು ಅಂದೂ ಆಕ್ಷೇಪವಿತ್ತು, ಇಂದೂ ಇದೆ. ನಿಧಾನ, ಬಣ್ಣವಿಲ್ಲ, ಬೇಜಾರಾಗುತ್ತದೆ ಎನ್ನುತ್ತಾರೆ. ಬೇಜಾರಾಗುವುದು ನಿಜ. ಹ್ಯಾಟರ್‌ನ ಟೀ ಮೇಜಿನ ಸುತ್ತ ಮಾತು ನಿಂತುಹೋಗಿ, ಮುಂದೇನು ಹೇಳಬೇಕೆಂದು ಯಾರಿಗೂ ತೋಚದೆ ಕೂತುಬಿಡುವ ಗಳಿಗೆಗಳಿವೆ. ಆದರೆ ಕ್ಯಾರಲ್‌ನ ಪುಸ್ತಕ ಶುರುವಾಗುವುದೇ ಬೇಜಾರಿನಿಂದ: ಚಿತ್ರಗಳಿಲ್ಲದ ಪುಸ್ತಕ ಓದುತ್ತಿರುವ ಅಕ್ಕನ ಪಕ್ಕದಲ್ಲಿ ಮಾಡಲು ಕೆಲಸವಿಲ್ಲದೆ ಕೂತ ಹುಡುಗಿ. ಆ ಬೇಜಾರು ಇಲ್ಲದಿದ್ದರೆ ಅವಳು ಮೊಲದ ಹಿಂದೆ ಓಡುತ್ತಿರಲಿಲ್ಲ. ನಿಮಿಷಕ್ಕೊಂದು ಯುದ್ಧ ತುಂಬಿದ ಸಿನಿಮಾದಲ್ಲಿ ಮಗುವಿಗೆ ಬೇಸರಪಡಲು ಬಿಡುವಿಲ್ಲ, ಹಾಗಾಗಿ ತಾನಾಗಿ ಏನನ್ನಾದರೂ ಹಿಂಬಾಲಿಸಲೂ ಬಿಡುವಿಲ್ಲ. ಹತ್ತು ಹನ್ನೆರಡರ ಮಕ್ಕಳನ್ನು ಕೂರಿಸಿ 1966ರ ಈ ಚಿತ್ರ ತೋರಿಸಿ. ಅರ್ಧಕ್ಕೆ ಎದ್ದುಹೋಗುವವರು ಹೋಗಲಿ, ಅದೂ ಆಲಿಸ್ ಮಾಡಿದ ಕೆಲಸವೇ. ಕೂತವರಿಗೆ ಆ ಮೇಜಿನ ಸುತ್ತ ಇರುವ ಗಂಡಸರು ಯಾರೆಂದು ಯಾರೂ ವಿವರಿಸಬೇಕಾಗಿಲ್ಲ.