ಪಾಲಿನ ಲೆಕ್ಕ, ನಷ್ಟದ ಲೆಕ್ಕ: ಕೂಡುಕ್ಯಾಶಿನ ಹಂಚಿಕೆಯನ್ನು ಕುರಿತ ಒಂದು ಪ್ರಬಂಧದ ವಿಮರ್ಶೆ

ಇಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು 2012ರಲ್ಲಿ ಗಣಕಯಂತ್ರಗಳ ರಚನೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿತವಾದ ‘ಪ್ರಿಸಂ’ ಎಂಬ ವಿಧಾನದ ಪ್ರಬಂಧವನ್ನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಮಣಿಕಂಠನ್ ಮತ್ತು ಆರ್. ಗೋವಿಂದರಾಜನ್ ಅವರೂ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಕೌಶಿಕ್ ರಾಜನ್ ಅವರೂ ಸೇರಿ ಇದನ್ನು ರಚಿಸಿದರು. ನಮ್ಮ ನಾಡಿನಲ್ಲಿ ನಡೆದ ಕೆಲಸವೆಂಬುದಷ್ಟೇ ಈ ಆಯ್ಕೆಗೆ ಕಾರಣವಲ್ಲ. ಹಂಚಿಕೆಯ ಸಾಧನವೇನು, ಹಂಚಿಕೆಯ ಉದ್ದೇಶವೇನು ಎಂಬೆರಡು ಪ್ರಶ್ನೆಗಳನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದ ಬರಹಗಳು ವಿರಳ.

ಮೊದಲು ಸಮಸ್ಯೆಯ ಸ್ವರೂಪವನ್ನು ನೋಡೋಣ. ಇಂದಿನ ಪ್ರೊಸೆಸರೊಂದರಲ್ಲಿ ಹಲವು ಕೋರುಗಳಿದ್ದು ಒಂದೊಂದೂ ಬೇರೆ ಬೇರೆ ಕಾರ್ಯಕ್ರಮವನ್ನು ನಡೆಸಬಲ್ಲುದು. ಮುಖ್ಯ ಸ್ಮೃತಿಯಿಂದ ಒಂದು ಅಂಶವನ್ನು ತರಲು ಗಡಿಯಾರದ ನೂರಾರು ಮಿಡಿತಗಳು ಬೇಕಾಗುವುದರಿಂದ, ಪದೇಪದೇ ಬೇಕಾಗುವುದನ್ನು ಕ್ಯಾಶ್ ಎಂಬ ಚಿಕ್ಕ, ವೇಗದ ಸ್ಮೃತಿಯಲ್ಲಿ ಸಾಮಾನ್ಯವಾಗಿ 64 ಬೈಟುಗಳ ತುಂಡುಗಳಾಗಿ ಇಟ್ಟುಕೊಳ್ಳುತ್ತಾರೆ. ಬೇಕಾದ ತುಂಡು ಅಲ್ಲಿ ದೊರೆತರೆ ‘ಹಿಟ್’, ದೊರೆಯದಿದ್ದರೆ ‘ಮಿಸ್’. ಈ ಕ್ಯಾಶಿನ ಕಡೆಯ ಮಟ್ಟವು ಅನೇಕ ವಿನ್ಯಾಸಗಳಲ್ಲಿ ಎಲ್ಲ ಕೋರುಗಳಿಗೂ ಸೇರಿದ ಒಂದೇ ಭಂಡಾರ. ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ವಿದ್ಯಾರ್ಥಿಗಳಿಗೆ ಇದನ್ನು ಊರ ಕೆರೆಯೆಂದು ಹೇಳಿದರೆ ಸಾಕು. ಆದರೆ ಇದು ನೀರುಗಂಟಿಯಿಲ್ಲದ ಕೆರೆ. ಬಹುಕಾಲ ಬಳಕೆಯಾಗದ ತುಂಡನ್ನು ಹೊರಹಾಕಬೇಕೆಂಬ ಹಳೆಯ ನಿಯಮವೊಂದೇ ಇಲ್ಲಿದ್ದರೆ, ಒಮ್ಮೆ ಓದಿದುದನ್ನು ಮತ್ತೆ ಕಣ್ಣೆತ್ತಿಯೂ ನೋಡದ ಕಾರ್ಯಕ್ರಮವೊಂದು ಹೊಸ ಹೊಸ ತುಂಡುಗಳನ್ನು ಸುರಿಯುತ್ತ ನೆರೆಯವರ ಸಂಗ್ರಹವನ್ನೆಲ್ಲ ಹೊರದೂಡಬಲ್ಲುದು. ಪ್ರಯೋಜನ ಹೆಚ್ಚಿರುವವನಿಗಲ್ಲ, ಬೇಡಿಕೆ ಹೆಚ್ಚಿರುವವನಿಗೆ ಜಾಗ ದೊರೆಯುತ್ತದೆ.

ಇದಕ್ಕೆ ಪರಿಹಾರವಾಗಿ 2006ರಲ್ಲಿ ಮೊಯಿನುದ್ದೀನ್ ಖುರೇಷಿ ಮತ್ತು ಯೇಲ್ ಪ್ಯಾಟ್ ಅವರು, ಪ್ರತಿಯೊಂದು ಕಾರ್ಯಕ್ರಮಕ್ಕೂ ಹೆಚ್ಚಿನ ಜಾಗದಿಂದ ಆಗುವ ಪ್ರಯೋಜನವನ್ನು ಅಳೆದು, ಕ್ಯಾಶಿನ ‘ದಾರಿ’ಗಳನ್ನು ಹಂಚುವ ಕ್ರಮವನ್ನು ಸೂಚಿಸಿದರು. ಆದರೆ ಹದಿನಾರು ದಾರಿಗಳ ಕ್ಯಾಶನ್ನು ಹದಿನಾರು ಕೋರುಗಳಿಗೆ ತಲಾ ಒಂದರಂತೆ ಕೊಟ್ಟ ಮೇಲೆ ಹಂಚಲು ಉಳಿಯುವುದೇನು? ಪ್ರಿಸಂ ವಿಧಾನದ ಹುಟ್ಟು ಈ ತೊಡಕಿನಲ್ಲಿದೆ. ಅದು ಗೋಡೆಗಳನ್ನು ಕಟ್ಟುವುದಿಲ್ಲ. ಮಿಸ್ ಆದಾಗ ಯಾವ ಕೋರಿನ ತುಂಡು ಹೊರಹೋಗಬೇಕೆಂಬುದನ್ನು ಸಂಭವನೀಯತೆಯಿಂದ ನಿರ್ಧರಿಸಿ, ಆ ಕೋರಿನ ತುಂಡುಗಳಲ್ಲಿ ಯಾವುದೆಂಬುದನ್ನು ಹಳೆಯ ನಿಯಮಕ್ಕೇ ಬಿಡುತ್ತದೆ.

ಒಂದು ಉದಾಹರಣೆ ಹೇಳುವುದಾದರೆ, ಕ್ಯಾಶಿನಲ್ಲಿರುವ ತುಂಡುಗಳ ಸಂಖ್ಯೆಯಷ್ಟೇ ಮಿಸ್‌ಗಳು ಆಗುವವರೆಗಿನ ಕಾಲವನ್ನು ಒಂದು ಅವಧಿಯೆನ್ನೋಣ. ಒಂದು ಕೋರಿನ ವಶದಲ್ಲಿ ಈಗ ನೂರಕ್ಕೆ 30 ಪಾಲಿದೆ, ಗುರಿ 25, ಒಟ್ಟು ಮಿಸ್‌ಗಳಲ್ಲಿ ಅದರದು ನೂರಕ್ಕೆ 40. ಒಳಬರುವ 40ಕ್ಕೆ, ಇಳಿಸಬೇಕಾದ 5ನ್ನು ಕೂಡಿಸಿದರೆ, ಹೊರಹಾಕುವ ಸಂಭವನೀಯತೆ ನೂರಕ್ಕೆ 45. ಅವಧಿಯ ಕೊನೆಗೆ ಪಾಲು ತಾನಾಗಿಯೇ 25ಕ್ಕೆ ಇಳಿಯುತ್ತದೆ. ಇಷ್ಟು ಸರಳವಾದ ಸೂತ್ರದಿಂದ ತುಂಡು ತುಂಡಿನ ಮಟ್ಟದ ನಿಯಂತ್ರಣ ಲಭಿಸುವುದು ಈ ಪ್ರಬಂಧದ ನಿಜವಾದ ಸಾಧನೆ.

ಗುರಿಯನ್ನು ಗೊತ್ತುಪಡಿಸುವ ಕೆಲಸವನ್ನು ಲೇಖಕರು ಸೂತ್ರದಿಂದ ಬೇರೆಯಾಗಿ ಇಟ್ಟಿದ್ದಾರೆ. ಒಟ್ಟು ಹಿಟ್‌ಗಳನ್ನು ಹೆಚ್ಚಿಸುವುದು, ನ್ಯಾಯವಾಗಿ ಹಂಚುವುದು, ಒಂದು ಕಾರ್ಯಕ್ರಮಕ್ಕೆ ಕೊಟ್ಟ ಭರವಸೆಯನ್ನು ಉಳಿಸಿಕೊಳ್ಳುವುದು, ಈ ಮೂರೂ ಅದೇ ಸಾಧನದಿಂದ ಸಾಧ್ಯವೆಂದು ತೋರಿಸಿದ್ದಾರೆ. ಹದಿನಾರು ಕೋರುಗಳ ಯಂತ್ರದಲ್ಲಿ, ಹಿಟ್‌ಗಳನ್ನು ಹೆಚ್ಚಿಸುವ ಬಗೆಯು ಹಳೆಯ ನಿಯಮಕ್ಕಿಂತ ಕಾರ್ಯಕ್ಷಮತೆಯನ್ನು ಶೇಕಡಾ 18.7ರಷ್ಟು ಉತ್ತಮಪಡಿಸಿತೆಂಬುದು ಅವರ ಫಲಿತಾಂಶ.

ನಮ್ಮ ಮೊದಲ ಆಕ್ಷೇಪವು ಲೇಖಕರ ಮೇಲಲ್ಲ, ಈ ಒಂದೇ ಅಂಕಿಯನ್ನು ಎತ್ತಿ ಹೇಳಿ ಮುಂದುವರಿಯುವ ಓದುಗರ ಮೇಲೆ. ಒಟ್ಟು ಲಾಭದ ಅಂಕಿಯಲ್ಲಿ ಹದಿನಾರರಲ್ಲಿ ಯಾರು ಸೊರಗಿದರೆಂಬುದು ಕಾಣುವುದಿಲ್ಲ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವನ್ನು ನೆನೆಯೋಣ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಅದು ಕೋಡಿ ಹರಿದಾಗ ಹಿರಿಯೂರಿನ ಅಚ್ಚುಕಟ್ಟಿಗೆ ಅದು ಸಂಭ್ರಮ. ಹಿನ್ನೀರು ಹರಡಿದ ಹೊಸದುರ್ಗದ ಕಡೆಯ ಜಮೀನುಗಳಿಗೆ ಅದೇ ಸಂಕಟ. ಭಂಡಾರದಲ್ಲಿ ಎಷ್ಟು ನೀರಿದೆ, ಯಾವ ನಾಲೆಗೆ ಎಷ್ಟು ಪಾಲು ಎಂಬ ಲೆಕ್ಕದಲ್ಲಿ ಹಿನ್ನೀರಿನ ರೈತನ ಹೆಸರೇ ಬರುವುದಿಲ್ಲ. ಪಾಲಿನ ಲೆಕ್ಕವೇ ಬೇರೆ, ನಷ್ಟದ ಲೆಕ್ಕವೇ ಬೇರೆ.

ಆದರೆ ನೀರಿನ ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯಲಾಗದು. ಗದ್ದೆಗೆ ಹರಿದ ನೀರು ಕೆರೆಗೆ ಹಿಂದಿರುಗದು. ಕ್ಯಾಶಿನ ತುಂಡನ್ನು ಸಾವಿರ ಸಲ ಓದಿದರೂ ಅದು ಸವೆಯದು. ಇಲ್ಲಿ ಕೊರತೆಯಿರುವುದು ಜಾಗಕ್ಕೆ. ಸಮಪಾಲು ಪಡೆದ ಇಬ್ಬರಲ್ಲಿ ಒಬ್ಬನಿಗೆ ಅದು ಅನಗತ್ಯವಾಗಿರಬಹುದು, ಇನ್ನೊಬ್ಬನಿಗೆ ಸಾಲದಿರಬಹುದು. ಆದಕಾರಣ ನ್ಯಾಯವನ್ನು ಜಾಗದ ಸಮತೆಯಿಂದಲ್ಲ, ಕೂಡಿ ಬಾಳಿದುದರಿಂದ ಪ್ರತಿಯೊಬ್ಬನೂ ಎಷ್ಟು ನಿಧಾನವಾದನೆಂಬುದರಿಂದ ಅಳೆಯಬೇಕೆಂಬುದೇ ನಮ್ಮ ಅಭಿಪ್ರಾಯ.

ಎರಡನೆಯ ಆಕ್ಷೇಪವು ಸೂತ್ರಕ್ಕೇ ಸಂಬಂಧಿಸಿದುದು. ಕೋರೊಂದರ ಪಾಲು 10, ಗುರಿ 40, ಮಿಸ್‌ಗಳಲ್ಲಿ ಅದರ ಅಂಶ 20 ಎನ್ನೋಣ. ಆಗ ಸಂಭವನೀಯತೆ ಸೊನ್ನೆಗಿಂತ ಕೆಳಗಿಳಿಯುವುದರಿಂದ ಅದನ್ನು ಸೊನ್ನೆಯೆಂದೇ ಹಿಡಿಯಬೇಕು. ಆ ಕೋರಿನ ಒಂದು ತುಂಡನ್ನೂ ಹೊರಹಾಕದಿದ್ದರೂ ಅವಧಿಯ ಕೊನೆಗೆ ಅದರ ಪಾಲು 30ನ್ನು ದಾಟದು. ಕೊಟ್ಟ ಮಾತು ನಡೆಯುತ್ತದೆ, ಆದರೆ ತಡವಾಗಿ. ಗೊತ್ತಾದ ಕ್ಷಣದೊಳಗೆ ಮುಗಿಯಲೇಬೇಕಾದ ಕೆಲಸಗಳಿಗೆ, ಸರಾಸರಿಯಲ್ಲಿ ನಿಜವಾಗುವ ಭರವಸೆ ಸಾಲದು. 2015ರಿಂದೀಚೆಗೆ, ಕೂಡುಕ್ಯಾಶಿನಿಂದ ತನ್ನ ತುಂಡುಗಳು ಹೊರಹೋಗುವ ಬಗೆಯನ್ನು ಗಮನಿಸಿಯೇ ನೆರೆಯ ಕಾರ್ಯಕ್ರಮದ ಗುಟ್ಟನ್ನು ತಿಳಿಯಬಹುದೆಂಬುದೂ ಸಿದ್ಧವಾಗಿದೆ. ಇಂಟೆಲ್ ಕಂಪೆನಿಯ ಸರ್ವರ್ ಪ್ರೊಸೆಸರುಗಳಲ್ಲಿ ಬಂದಿರುವ ಹಂಚಿಕೆಯು ದಾರಿಗಳ ಮಟ್ಟದ್ದು, ಒರಟಾದುದು; ಅದರಿಂದ ಪೂರ್ಣ ರಕ್ಷಣೆ ದೊರೆಯುತ್ತದೆಂದಲ್ಲ, ಆದರೂ ಅದು ಒಂದು ಗೋಡೆ. ಸಂಭವನೀಯತೆಯು ಗೋಡೆಯಾಗಲಾರದು.

ಮೂರನೆಯದಾಗಿ, ಪ್ರತಿ ತುಂಡಿಗೂ ಒಬ್ಬನೇ ಒಡೆಯನೆಂಬ ಭಾವನೆ ಈ ವಿಧಾನದ ತಳಹದಿ. ಬೇರೆ ಬೇರೆ ಕಾರ್ಯಕ್ರಮಗಳು ನಡೆಯುವಾಗ ಅದು ಸರಿ. ಒಂದೇ ಕಾರ್ಯಕ್ರಮದ ಹಲವು ಎಳೆಗಳು ಒಂದೇ ತುಂಡನ್ನು ಬಳಸುವಾಗ ಅದನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಮೊದಲು ತಂದವನ ಲೆಕ್ಕಕ್ಕೆ ಬರೆದರೆ, ಎಲ್ಲರ ಉಪಯೋಗಕ್ಕೂ ಅವನೊಬ್ಬನೇ ತೆರಬೇಕಾಗುತ್ತದೆ.

ಈ ಆಕ್ಷೇಪಗಳಿಂದ ಪ್ರಬಂಧದ ಬೆಲೆ ಕುಗ್ಗುವುದಿಲ್ಲ. ಗುರಿಯನ್ನು ಸಾಧನದಿಂದ ಬಿಡಿಸಿ ನಮ್ಮ ಕೈಗೆ ಕೊಟ್ಟುದರಿಂದಲೇ, ಗುರಿ ಯಾವುದಾಗಿರಬೇಕೆಂದು ಕೇಳುವ ಹೊಣೆಯೂ ನಮ್ಮದಾಯಿತು. ಕಾಲೇಜುಗಳಲ್ಲಿ ಈ ವಿಷಯವನ್ನು ಬೋಧಿಸುವ ಮಿತ್ರರು, ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸದೆ, ಹದಿನಾರು ಕೋರುಗಳಲ್ಲಿ ಅತ್ಯಂತ ಹೆಚ್ಚು ನಿಧಾನವಾದದ್ದು ಯಾವುದೆಂದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಬೇಕೆಂದು ನಾವು ಸೂಚಿಸುತ್ತೇವೆ. ಒಟ್ಟು ಮೊತ್ತವನ್ನು ಅದರ ನಂತರ ಬರೆದರೂ ತಡವಾಗದು.